ವಿಶ್ವಾರಾಧ್ಯರು ನುಂಗದ ಗುಳಿಗೆ

ಡಾಕ್ಟರಿಗೆ ಹೇಳುವುದಿಲ್ಲ ಎಂದು ನಮ್ಮ ಮಾವ ಗಂಗಾಧರಯ್ಯ ತಮ್ಮ ಅಪ್ಪನಿಗೆ ಮಾತು ಕೊಟ್ಟಾಗ ಅವರಿಗಿನ್ನೂ ಮೀಸೆ ಚಿಗುರುತ್ತಿತ್ತು. ಈಗ ತೊಂಬತ್ತರ ಹತ್ತಿರ. ಅಂಥದ್ದೊಂದು ಮಾತು ಇದೆ ಎಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಮಗಳು ಸುಮನಾ ಎಂಬಿಬಿಎಸ್ ಮುಗಿಸಿ ಔಷಧಶಾಸ್ತ್ರದಲ್ಲಿ ಎಂ.ಡಿ. ಮಾಡುತ್ತಿದ್ದಾಳೆ. ನರಗಂಟುಗಳಲ್ಲಿ ಸಂದೇಶ ತಡೆದು ರಕ್ತದೊತ್ತಡ ಇಳಿಸುವ ಔಷಧಗಳನ್ನು ಐವತ್ತರ ದಶಕದಲ್ಲಿ ಹೃದಯದ ನೋವಿಗೂ ಕೊಟ್ಟು ನೋಡಿದ್ದರಂತೆ. ಅಂಥ ಒಂದು ಹಳೆಯ ವರದಿಯಲ್ಲಿ ಅವಳಿಗೆ ಅಜ್ಜಂಪುರದ ಜವಳಿ ವ್ಯಾಪಾರಿಯೊಬ್ಬರು ಸಿಕ್ಕಿದರು. ಗುಳಿಗೆಯಿಂದ ನೋವು ಪೂರ್ತಿ ಹೋದದ್ದು ಅವರೊಬ್ಬರಿಗೇ. ಊರು, ವ್ಯಾಪಾರ, ವಯಸ್ಸು ಹೊಂದಿಸಿ ನೋಡಿದರೆ ಮಾವನ ಅಪ್ಪ ವಿಶ್ವಾರಾಧ್ಯರೇ. ಸೋಮವಾರ ಕಾಲೇಜಿನಲ್ಲಿ ಅವಳ ಉಪನ್ಯಾಸ ನಿಂತಿದ್ದೇ ಅವರ ಮೇಲೆ.

ಗುಳಿಗೆ ತಗೊಂಡ ಮೇಲೆ ಹೇಗಿದ್ದರು ಎಂದು ಅವಳು ಶುಕ್ರವಾರದಿಂದ ಕೇಳಿದ್ದೇ ಕೇಳಿದ್ದು. ಮಾವ ಅಪ್ಪನ ಜೊತೆ ಆಸ್ಪತ್ರೆಗೆ ಹೋಗುವಾಗ ಬೀರೂರಿನಲ್ಲಿ ರೈಲು ಕೆಟ್ಟು ನಿಂತದ್ದನ್ನು ಹೇಳಿದರು, ಆಸ್ಪತ್ರೆಯ ನೀರು ಸಾರಿನ ವಿಷಯ ಹೇಳಿದರು, ನರ್ಸಮ್ಮನ ಕೊಡೆಯ ಬಣ್ಣ ಹೇಳಿದರು. ತರೀಕೆರೆಯ ಕೆಲಸದಿಂದ ಬಸ್ಸಿನಲ್ಲಿ ನಿಂತೇ ಬಂದು ರೊಟ್ಟಿ ತಟ್ಟುವ ನಾನು ಇವರಿಬ್ಬರ ಪಂಚಾಯಿತಿಯನ್ನೂ ಮಾಡಬೇಕು.

ಭಾನುವಾರ ಅವಳು ಮಾವನ ಬಾಯಿಯ ಹತ್ತಿರ ಫೋನು ಹಿಡಿದು, ಗುಳಿಗೆಯಿಂದಲೇ ವಾಸಿಯಾಯಿತು ಅಂತ ಒಂದೇ ಮಾತು ಹೇಳಿಬಿಡಿ ತಾತ, ನಾಳೆ ಎಲ್ಲರಿಗೂ ಕೇಳಿಸುತ್ತೇನೆ ಎಂದಳು. ಮಾವ ಫೋನನ್ನು ಆಚೆ ತಳ್ಳಿದರು. ಹೇಳಿ ಮುಗಿಸಿ ಮಾವ, ರೊಟ್ಟಿ ಆರುತ್ತಿದೆ ಎಂದು ನಾನೂ ರೇಗಿದೆ.

"ಅಪ್ಪಯ್ಯ ಮೊದಲ್ನೇ ದಿನ ಬಿಟ್ರೆ ಒಂದು ಗುಳಿಗೆನೂ ನುಂಗ್ಲಿಲ್ಲ ಕಣೇ."

ಆಮೇಲೆ ಎಲ್ಲ ಬಂತು. ಮೊದಲ ದಿನ ಗುಳಿಗೆ ನುಂಗಿ ಪೂಜೆಗೆ ಕೂತವರಿಗೆ ಕಣ್ಣು ಕತ್ತಲೆ ಬಂದು, ಅಂಗೈಯಲ್ಲಿದ್ದ ಲಿಂಗ ಜಾರುವುದೊಂದು ಬಾಕಿ. ಗುಳಿಗೆ ತಗೊಂಡರೆ ಮಲಗಿಯೇ ಇರಬೇಕು ಎಂದಿದ್ದರು ಡಾಕ್ಟರು. ಮಲಗಿದರೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಗುಳಿಗೆಗಳು ತಿಪ್ಪೆಗೆ ಹೋದವು.

"ಮತ್ತೆ ನೋವು ಹೋಯ್ತು ಅಂತ ಬರೆದಿದಾರಲ್ಲ ತಾತ?"

"ಎಲ್ಲಿ ಹೋಗುತ್ತೆ. ಅಂಗಡಿ ಮೆಟ್ಲು ಹತ್ತೋವಾಗ ಎದೆ ಹಿಡ್ಕೊಂಡು ನಿಂತ್ಬಿಡೋರು. ಅಷ್ಟು ಒಳ್ಳೇ ಡಾಕ್ಟ್ರು ಬೇಜಾರ್ ಮಾಡ್ಕೋತಾರೆ ಅಂತ, ಪೂರ್ತಿ ಹೋಯ್ತು ಸ್ವಾಮಿ ಅಂದ್ಬಿಟ್ರು."

ಸುಮನಾ ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಳು.

"ಶುಕ್ರವಾರವೇ ಹೇಳೋಕೆ ಏನಾಗಿತ್ತು ನಿಮಗೆ?"

"ಡಾಕ್ಟ್ರಿಗೆ ಹೇಳ್ಬೇಡ ಅಂದಿದ್ರು ಅಪ್ಪಯ್ಯ. ನೀನೂ ಡಾಕ್ಟ್ರೇ ಅಲ್ವೇನೇ?"

ಅವಳು ವಿಶ್ವಾರಾಧ್ಯರ ಪುಟವನ್ನು ಅಳಿಸಿ, ಉಪನ್ಯಾಸವನ್ನು ಮೊದಲಿನಿಂದ ಬರೆಯತೊಡಗಿದಳು. ಫೋನಿಗೆ ಸುಳ್ಳು ಹೇಳಲಾರದೆ ಮಾವ ತಮ್ಮ ಅಪ್ಪನಿಗೆ ಕೊಟ್ಟ ಮಾತಿಗೆ ತಪ್ಪಿದ್ದರು.