ಎಡಗಾಲಿನ ಮಂಡಿ

"ಎಡಗಾಲು," ಅಂದರು ಕ್ಲಬ್ಬಿನ ಅಧ್ಯಕ್ಷ ರಯೀಸ್ ನಖ್ಲೆ, ಕಾಫಿಯ ಪುಟ್ಟ ಬಟ್ಟಲನ್ನು ಮೇಜಿನ ಮೇಲಿಟ್ಟು. "ಎಡಗಾಲಿನ ಮಂಡಿ. ಮೂರನೇ ಕ್ವಾರ್ಟರ್‌ನಲ್ಲಿ ಯಾರಾದ್ರೂ ಬಂದು ಡಿಕ್ಕಿ ಹೊಡೀತಾರಲ್ಲ, ಆಗ ಬಿದ್ಬಿಡು. ಮಂಡಿ ಹಿಡ್ಕೊಂಡು ಎರಡು ಸಲ ನೆಲ ಬಡಿ. ಮಿಕ್ಕಿದ್ದು ಹಕೀಮ್ ನೋಡ್ಕೋತಾರೆ."

ಎದುರಿಗೆ ಕೂತಿದ್ದ ಓಡೆಲ್ ಪ್ರೂಯಿಟ್‌ಗೆ ಆ ಕುರ್ಚಿ ಸಾಲುತ್ತಿರಲಿಲ್ಲ. ಅವನ ಎರಡೂ ಮಂಡಿ ಮೇಜಿನ ಅಡಿಗೆ ತಾಗುತ್ತಿದ್ದವು. ಅಮೆರಿಕದ ಟೊಲೀಡೊದಲ್ಲಿ ಹುಟ್ಟಿದವನು, ವಯಸ್ಸು ಮೂವತ್ತೇಳು. ತನ್ನ ದೇಶದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗು ಒಳಗೆ ಬಿಟ್ಟುಕೊಳ್ಳದಿದ್ದಾಗ ಫಿನ್ಲೆಂಡಿನ ಹಿಮದಲ್ಲಿ ಆಡಿದ, ಆಮೇಲೆ ಸೈಪ್ರಸ್, ಸ್ಫಾಕ್ಸ್, ಮನಾಮಾ ಅಂತ ಅಲೆದ. ಕೊನೆಗೆ ಈ ಅರಬ್ಬಿ ಊರು ಝಹ್ಲೆಗೆ ಬಂದು ನಾಲ್ಕು ವರ್ಷ ಬೇರೂರಿದ. ಊರಿಗೆ ಅವನು ಓಡೆಲ್ ಅಲ್ಲ. ಮಗಳ ಹೆಸರಿನಿಂದ ಅಬು ನೋರಾ, ನೋರಾಳ ಅಪ್ಪ. ರೊಟ್ಟಿ ಬೇಯಿಸುವವನಿಂದ ಹಿಡಿದು ಪಾದ್ರಿಯವರೆಗೂ ಹಾಗೇ ಕರೆಯುವುದು.

"ನಾನು ಬೀಳಲ್ಲ, ರಯೀಸ್."

"ಎಲ್ಲಾರೂ ಬೀಳ್ತಾರೆ, ಹಬೀಬಿ. ಹೋದ ವರ್ಷ ಆ ಸರ್ಬಿಯದವನು ಬಿದ್ನಲ್ಲ, ಎಷ್ಟು ಚೆಂದ ಬಿದ್ದ! ಟಿವಿ ನೋಡಿ ಅವನ ತಾಯಿ ಅಲ್ಲೇ ಎದೆ ಹಿಡ್ಕೊಂಡು ಕೂತ್ಲಂತೆ. ನಿನ್ನ ಹಣ ಪೂರ್ತಿ ಕೊಡ್ತೀನಿ. ನಾನೇನು ಅನ್ಯಾಯ ಮಾಡೋನಾ?"

ವಿಷಯ ಇಷ್ಟೇ. ಫೆಬ್ರವರಿ ಕಳೆದ ಮೇಲೆ ಹೊರದೇಶದ ಆಟಗಾರನನ್ನು ಸುಮ್ಮನೆ ಬದಲಾಯಿಸುವ ಹಾಗಿಲ್ಲ. ಅವನಿಗೆ ಗಾಯವಾಗಿರಬೇಕು, ವೈದ್ಯರು ಬರೆದುಕೊಡಬೇಕು. ಕ್ಲಬ್ಬು ಸತತವಾಗಿ ಸೋಲುತ್ತಿತ್ತು. ನಖ್ಲೆ ಆಗಲೇ ಕೀಟನ್ ಎಂಬ ಇಪ್ಪತ್ತನಾಲ್ಕರ ಹುಡುಗನನ್ನು ಅಮೆರಿಕದಿಂದ ಕರೆಸಿ ಹೋಟೆಲಿನಲ್ಲಿ ಇಳಿಸಿದ್ದರು. ಇನ್ನು ಬೇಕಾಗಿದ್ದದ್ದು ಒಂದು ಮಂಡಿ.

ಮೂವತ್ತೇಳರ ಆಟಗಾರನ ಹೆಸರಿನ ಪಕ್ಕ 'ಮಂಡಿ' ಎಂಬ ಮಾತು ಒಮ್ಮೆ ಅಂಟಿತೆಂದರೆ ಮುಗಿಯಿತು. ಆಮೇಲೆ ಕಾಸಾಬ್ಲಾಂಕಾದಿಂದ ಬಸ್ರಾದವರೆಗೆ ಯಾವ ಕ್ಲಬ್ಬೂ ಫೋನ್ ಎತ್ತುವುದಿಲ್ಲ. ಅದು ಓಡೆಲ್‌ಗೆ ಗೊತ್ತು, ನಖ್ಲೆಗೂ ಗೊತ್ತು.

"ಆಟ ನಿಲ್ಲಿಸೋ ದಿನ ನಾನು ಹೇಳ್ತೀನಿ," ಅಂದ ಓಡೆಲ್, ಎದ್ದು ನಿಂತು. "ಅದನ್ನ ನನ್ನ ಮಂಡಿ ಬಾಯಲ್ಲಿ ನೀವು ಹೇಳಿಸೋದು ಬೇಡ."

"ಯೋಚನೆ ಮಾಡು, ಅಬು ನೋರಾ," ಅಂದರು ನಖ್ಲೆ. ಕೋಪವೇನೂ ಇರಲಿಲ್ಲ. ಕೊನೆಗೆ ಎಲ್ಲರೂ ಒಪ್ಪುತ್ತಾರೆ ಎಂದು ಗೊತ್ತಿದ್ದವರ ದನಿ ಅದು.

ಶನಿವಾರ ಮಧ್ಯಾಹ್ನದ ಪಂದ್ಯಕ್ಕೆ ಒಬ್ಬ ಪ್ರೇಕ್ಷಕನೂ ಇಲ್ಲ. ಹಿಂದಿನ ವಾರ ಊರಿನವರು ಅಂಪೈರ್ ಮೇಲೆ ಕುರ್ಚಿ ಎಸೆದಿದ್ದಕ್ಕೆ ಲೀಗು ನಡೆಸುವ ಒಕ್ಕೂಟ ಬಾಗಿಲು ಹಾಕಿಸಿತ್ತು. ಖಾಲಿ ಹಾಲಿನಲ್ಲಿ ಬೂಟಿನ ಕಿರುಗುಟ್ಟುವಿಕೆ, ಹೊರಗಿನ ಜನರೇಟರಿನ ಗೊರಗೊರ, ಯಾರೋ ಕೆಮ್ಮಿದ್ದು, ಎಲ್ಲವೂ ಕಿವಿಗೆ ಬೀಳುತ್ತಿತ್ತು. ಮೇಲಿನ ಸಾಲಿನಲ್ಲಿ ನಖ್ಲೆ. ಪಕ್ಕದಲ್ಲಿ ಟೋಪಿ ಹಾಕಿದ ಕೀಟನ್, ಚೂಯಿಂಗ್ ಗಮ್ ಅಗಿಯುತ್ತಾ. ಕೆಳಗೆ ಬೆಂಚಿನ ತುದಿಯಲ್ಲಿ ತಂಡದ ವೈದ್ಯ ಹಕೀಮ್ ವದೀ. ಅವರ ಕಾಲ ಬಳಿ ಸ್ಟ್ರೆಚರ್ ಆಗಲೇ ಬಿಚ್ಚಿಟ್ಟಿತ್ತು.

ನಾಯಕ ಶಿಬ್ಲಿ ಅದನ್ನು ನೋಡಿ ನಕ್ಕ. "ಅಬು ನೋರಾ, ನಿನಗೆ ಹಾಸಿಗೆ ಹಾಸಿದ್ದಾರೆ. ದಿಂಬು ಬೇಕಾ?"

"ನಿನ್ನನ್ನೇ ಮಲಗಿಸ್ತೀನಿ, ಬಾಯಿ ಮುಚ್ಕೊಂಡು ಪಾಸ್ ಕೊಡು."

ಓಡೆಲ್ ಆಡಿದ. ಹಾರುವ ಕಾಲ ಕಳೆದಿತ್ತು. ಈಗ ಅವನು ನೆಲಕ್ಕೆ ಅಂಟಿಕೊಂಡೇ ಆಡುವವನು. ಭುಜ ಒಡ್ಡಿ, ಬೆನ್ನು ಕೊಟ್ಟು, ಎದುರಾಳಿಯನ್ನು ಒಂದೊಂದೇ ಅಂಗುಲ ಹಿಂದಕ್ಕೆ ತಳ್ಳಿ ಬುಟ್ಟಿಯ ಕೆಳಗೆ ಜಾಗ ಮಾಡಿಕೊಳ್ಳುತ್ತಿದ್ದ. ಎರಡನೇ ಕ್ವಾರ್ಟರ್ ಮುಗಿದಾಗ ಎರಡೂ ತಂಡ ಸಮಸಮ ಇದ್ದವು.

ಮೂರನೇ ಕ್ವಾರ್ಟರ್‌ನಲ್ಲಿ ಅವನು ಬಿದ್ದ.

ಬೇಕೆಂದು ಬಿದ್ದದ್ದಲ್ಲ. ಬುಟ್ಟಿಗೆ ತಾಗಿ ಪುಟಿದ ಚೆಂಡಿಗೆ ಹಾರಿದಾಗ ಎದುರಾಳಿ ಗಾಳಿಯಲ್ಲೇ ನೂಕಿದ, ಇಳಿಯುವಾಗ ಬಲಗಾಲಿನ ಪಾದ ಇನ್ನೊಬ್ಬನ ಬೂಟಿನ ಮೇಲೆ ಹೊರಳಿತು. ಕಣ್ಣು ಕತ್ತಲೆ ಬಂತು. ಅಂಪೈರ್ ಸೀಟಿ ಊದುವುದಕ್ಕೂ ಮೊದಲೇ ಹಕೀಮ್ ವದೀ ಓಡಿ ಬಂದಾಗಿತ್ತು. ಆ ಮನುಷ್ಯ ಅಷ್ಟು ವೇಗವಾಗಿ ಓಡಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

"ಶಭಾಷ್," ಅಂದರು ಕಿವಿಯಲ್ಲಿ, ಎಡ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು. "ಬಹಳ ಚೆನ್ನಾಗಿ ಬಿದ್ದೆ. ಹಾಗೇ ಇರು. ಮುಖ ಕಿವುಚು."

ಮುಖ ತಾನಾಗಿಯೇ ಕಿವುಚಿತ್ತು. ಬಲಗಾಲಿನ ನೋವು ಹಲ್ಲಿನ ತನಕ ಏರುತ್ತಿತ್ತು, ಇವರು ಎಡಗಾಲಿಗೆ ಬ್ಯಾಂಡೇಜು ಸುತ್ತುತ್ತಿದ್ದಾರೆ! ಓಡೆಲ್‌ಗೆ ನಗು ಬಂತು. ಅಂಗಾತ ಮಲಗಿದ್ದವನು ನಕ್ಕೇಬಿಟ್ಟ.

"ತೆಗೀರಿ, ಹಕೀಮ್."

"ಏನು?"

"ನನ್ನ ಮಂಡಿಯಿಂದ ಕೈ ತೆಗೀರಿ."

ಎಡಗಾಲಿನ ಮೇಲೆ ಭಾರ ಹಾಕಿ ಎದ್ದ. ಸ್ಟ್ರೆಚರ್ ಹಿಡಿದು ಬಂದಿದ್ದ ಇಬ್ಬರು ಏನು ಮಾಡುವುದೆಂದು ತೋಚದೆ ಅದನ್ನು ಹಿಡಿದೇ ನಿಂತರು. ಅಂಪೈರ್ ತಲೆಯಾಡಿಸಿದ. "ವೈದ್ಯರು ಮುಟ್ಟಿದ್ದಾರೆ. ನೀನು ಹೊರಗೆ ಹೋಗಲೇಬೇಕು. ನಿಮ್ಮ ಕೋಚ್ ಟೈಮ್‌ಔಟ್ ತಗೊಂಡ್ರೆ ಮಾತ್ರ ಉಳೀಬಹುದು."

ಎಲ್ಲರೂ ಕೋಚ್ ಮಿಲ್ಹೆಮ್ ಕಡೆ ನೋಡಿದರು. ನಖ್ಲೆಯ ತಂಗಿಯ ಗಂಡ. ಬಿಸ್ಕತ್ತು ಬಣ್ಣದ ಕೋಟಿನ ಮೆದು ಮನುಷ್ಯ.

"ಮಿಲ್ಹೆಮ್!" ಮೇಲಿನಿಂದ ರಯೀಸ್ ದನಿ ಖಾಲಿ ಹಾಲಿನ ನಾಲ್ಕು ಗೋಡೆಗೂ ಬಡಿಯಿತು. "ಕೂತ್ಕೋ! ಅವನಿಗೆ ಪೆಟ್ಟಾಗಿದೆ. ಆಚೆ ಕರ್ಕೊಂಡು ಬನ್ನಿ!"

"ಮಿಲ್ಹೆಮ್," ಅಂದ ಓಡೆಲ್, ಅದಕ್ಕಿಂತ ಸಣ್ಣ ದನಿಯಲ್ಲಿ. ಅದೂ ಎಲ್ಲರಿಗೂ ಕೇಳಿಸಿತು. "ಇಲ್ಲಿ ಕೋಚ್ ಯಾರು? ನೀನೋ, ನಿನ್ನ ಭಾವನೋ?"

ಎದುರು ತಂಡದ ಬೆಂಚಿನಿಂದ ಯಾರೋ "ಊಊ" ಅಂದರು. ಮಿಲ್ಹೆಮ್ ಕಿವಿ ಕೆಂಪಾದವು. ಒಂದು ಸಲ ಮೇಲೆ ನೋಡಿದ, ಒಂದು ಸಲ ತನ್ನ ಬೂಟು ನೋಡಿಕೊಂಡ. ಆಮೇಲೆ ಒಂದು ಅಂಗೈ ಅಡ್ಡ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅದರ ಅಡಿಗೆ ಒತ್ತಿ ಸ್ಕೋರ್ ಬರೆಯುವ ಮೇಜಿನವರಿಗೆ ತೋರಿಸಿದ. ಟೈಮ್‌ಔಟ್.

"ಇವತ್ತು ಮನೇಲಿ ನನಗೆ ಊಟ ಇಲ್ಲ," ಅಂದ ಶಿಬ್ಲಿಗೆ ಮೆಲ್ಲಗೆ.

"ನಮ್ಮನೇಗೆ ಬಾ, ಕೋಚ್. ಅಮ್ಮ ಕಿಬ್ಬೆ ಮಾಡಿದ್ದಾಳೆ."

ಬೆಂಚಿನ ಹತ್ತಿರ ಓಡೆಲ್ ಕೂರಲಿಲ್ಲ. ಕೂತರೆ ಏಳಲಾಗದು ಅಂತ ಗೊತ್ತಿತ್ತು. ಬಗ್ಗಿ ಬಲ ಬೂಟಿನ ದಾರವನ್ನು ಉಸಿರುಗಟ್ಟುವಷ್ಟು ಬಿಗಿದ. ಹಕೀಮ್ ಅವನ ಎಡ ಮಂಡಿಯನ್ನೇ ನೋಡುತ್ತಿದ್ದರು. ಮೇಲಿನಿಂದ ರಯೀಸ್ ನೋಡುತ್ತಿದ್ದದ್ದೂ ಎಡ ಮಂಡಿಯನ್ನೇ.

ಹೋಗಿ, ಎದುರಾಳಿ ನೂಕಿದ್ದಕ್ಕೆ ಸಿಕ್ಕ ಎರಡು ಫ್ರೀ ಥ್ರೋ ಎಸೆದ. ಒಂದು ಬಿತ್ತು, ಒಂದು ಕಬ್ಬಿಣಕ್ಕೆ ಬಡಿದು ಆಚೆ ಹೋಯಿತು.

ಉಳಿದ ಆಟವನ್ನು ಅವನು ಒಂದೂವರೆ ಕಾಲಿನಲ್ಲಿ ಆಡಿದ. ಓಡುವ ಕಡೆ ನಡೆದ, ನಡೆಯುವ ಕಡೆ ನಿಂತ. ಆದರೆ ನಿಂತ ಜಾಗದಿಂದ ಅವನನ್ನು ಕದಲಿಸಲು ಯಾರಿಂದಲೂ ಆಗಲಿಲ್ಲ. "ಮುದುಕ, ಮನೆಗೆ ಹೋಗಿ ಮೊಸರು ಕುಡಿ," ಅಂದ ಅವನನ್ನು ತಡೆಯಲು ನಿಂತಿದ್ದ ಎದುರು ತಂಡದ ಹುಡುಗ. "ಮೊದಲು ಇದನ್ನ ಕುಡಿ," ಅಂತ ಓಡೆಲ್ ಅವನ ತಲೆಯ ಮೇಲಿಂದಲೇ ಚೆಂಡನ್ನು ಬುಟ್ಟಿಗೆ ಹಾಕಿದ. ಆದರೂ ಕೊನೆಯಲ್ಲಿ ಎದುರಿನವರ ದೂರದ ಎಸೆತವೊಂದು ಬಿದ್ದು ಝಹ್ಲೆ ಮೂರು ಪಾಯಿಂಟಿನಿಂದ ಸೋತಿತು.

ನಖ್ಲೆ ಮೆಟ್ಟಿಲಿಳಿದು ಬಂದರು. ಹಿಂದೆ ಕೀಟನ್, ಪಕ್ಕದಲ್ಲಿ ಹಕೀಮ್.

"ಸೋತ್ವಿ," ಅಂದರು.

"ಸೋತ್ವಿ, ರಯೀಸ್. ಮಂಗಳವಾರ ಇನ್ನೊಂದು ಪಂದ್ಯ ಇದೆ."

"ನೀನು ಬಿದ್ದದ್ದನ್ನ ಟಿವಿಯವರು ತೋರಿಸಿದ್ದಾರೆ. ನೀನು ಕುಂಟಿದ್ದನ್ನ ನಾನೇ ನೋಡಿದ್ದೀನಿ. ಹಕೀಮ್, ಬರೀರಿ. ಎಡಗಾಲಿನ ಮಂಡಿ."

"ಯಾವುದು, ಇದಾ?"

ಓಡೆಲ್ ಬಲಗಾಲನ್ನು ನೆಲದಿಂದ ಎತ್ತಿ ಮುಂದಕ್ಕೆ ಚಾಚಿದ. ಎರಡೂ ಕೈ ಎದೆಗೆ ಕಟ್ಟಿಕೊಂಡ. ಎಡಗಾಲೊಂದರ ಮೇಲೆಯೇ ಮೆಲ್ಲಗೆ ಕುಕ್ಕರಗಾಲಿನವರೆಗೂ ಇಳಿದು, ಮೆಲ್ಲಗೆ ಎದ್ದ. ಮತ್ತೆ ಇಳಿದ. ಮತ್ತೆ ಎದ್ದ. ಎದುರು ತಂಡದವರೂ ಚೀಲ ಕೆಳಗಿಟ್ಟು ನಿಂತರು. ಮೂರನೇ ಸಲ ಏಳುವಾಗ ಶಿಬ್ಲಿ ಚಪ್ಪಾಳೆ ಶುರುಮಾಡಿದ.

"ನೀವು ಮಾಡಿ ತೋರಿಸಿ, ಹಕೀಮ್. ಒಂದೇ ಒಂದು ಸಲ," ಅಂದ ಓಡೆಲ್. "ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ."

ಹಕೀಮ್ ವದೀ ಪೆನ್ನನ್ನು ಜೇಬಿಗೆ ಸೇರಿಸಿದರು. "ಇಷ್ಟು ಜನರ ಮುಂದೆ ಇದನ್ನ ಹೇಗೆ ಬರೀಲಿ, ರಯೀಸ್? ಒಕ್ಕೂಟದವನು ಅಲ್ಲೇ ಕೂತಿದ್ದಾನೆ."

ಕೀಟನ್ ಗಮ್ ಅಗಿಯುವುದನ್ನು ನಿಲ್ಲಿಸಿದ್ದ. "ನನಗೆ ಅದು ಬರಲ್ಲ," ಅಂದ, ಯಾರನ್ನೂ ಉದ್ದೇಶಿಸದೆ.

ನಖ್ಲೆ ಓಡೆಲ್‌ನ ಮುಂದೆ ಬಂದು ನಿಂತರು. "ನಿನ್ನ ತಲೆ ಕತ್ತೆಯದು, ಅಬು ನೋರಾ."

"ತಲೆ ಬದಲಾಯಿಸೋಕೆ ನಿಯಮ ಇಲ್ಲ, ರಯೀಸ್."

ಅವರು ಹೊರಟರು. ಓಡೆಲ್ ಬಲಗಾಲನ್ನು ಇನ್ನೂ ಎತ್ತಿಯೇ ನಿಂತಿದ್ದ, ಮೋಜಿಗೆ ನಿಂತವನ ಹಾಗೆ. ಹೊರಗೆ ಕಾರಿನ ಬಾಗಿಲು ಬಡಿದುಕೊಂಡ ಸದ್ದು ಬಂದ ಮೇಲೆ ಶಿಬ್ಲಿಯ ಹೆಗಲಿಗೆ ಕೈಹಾಕಿ ಪೂರ್ತಿ ಭಾರ ಬಿಟ್ಟ. ಶಿಬ್ಲಿ ತತ್ತರಿಸಿದ.

"ಐಸ್ ತಗೊಂಡು ಬಾ," ಅಂದ ಹಲ್ಲು ಕಚ್ಚಿ. "ಬಲಗಾಲಿಗೆ. ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆ ಅಂದ್ರೆ, ಕಿಬ್ಬೆ ತಿನ್ನೋಕೆ ನಿನಗೆ ಹಲ್ಲು ಉಳಿಯಲ್ಲ."