ಯಾವ ಹಸಿರು?

ಮನೆಯವರೆಲ್ಲ ಅವನನ್ನು 'ಇನ್ನೊಂಚೂರು' ಎಂದೇ ಕರೆಯುತ್ತಿದ್ದರು. ಬೆಕ್ಕುಗಳಿಗೆ ಮೆತ್ತನೆ ಹಾಸಿಗೆ ಮಾರುವ ಆನ್‌ಲೈನ್ ಅಂಗಡಿ ಯಾವಾಗ ತೆರೆಯುತ್ತೀಯ ಎಂದು ಯಾರೇ ಕೇಳಿದರೂ, "ಇನ್ನೊಂಚೂರು ಸರಿ ಮಾಡ್ಬೇಕು" ಎನ್ನುತ್ತಿದ್ದ. ಹೆಂಡತಿ ಹೊಲಿದಿಟ್ಟ ಹಾಸಿಗೆಗಳು ಮಲಗುವ ಕೋಣೆಯ ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಬೆಳೆದಿದ್ದವು. ಅವನು ಮಾತ್ರ 'ಈಗಲೇ ಕೊಳ್ಳಿ' ಎಂಬ ಬಟನ್ನಿಗೆ ಯಾವ ಹಸಿರು ಒಪ್ಪುತ್ತದೆಂದು ತಲೆ ಕೆಡಿಸಿಕೊಂಡು ಕೂತಿದ್ದ. ಎಲೆಹಸಿರು ಅಗ್ಗವಾಗಿ ಕಾಣುತ್ತಿತ್ತಂತೆ, ಗಿಳಿಹಸಿರಿಗೆ ಗಾಂಭೀರ್ಯ ಸಾಲದಂತೆ.

ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಹೆಂಡತಿ ಒಂದು ಹಾಸಿಗೆಯನ್ನು ಬಾಲ್ಕನಿಗೆ ಒಯ್ದು, ಮೊಬೈಲಿನಲ್ಲಿ ಫೋಟೊ ತೆಗೆದು, ಬೆಕ್ಕು ಸಾಕುವವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಂಜೆಯೊಳಗೆ ಅಷ್ಟೂ ಹಾಸಿಗೆಗಳಿಗೆ ಗಿರಾಕಿಗಳು ಸಿಕ್ಕರು.

ಫೋಟೊ ನೋಡಿ ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಹಿಂದೆ ಒಣಹಾಕಿದ ನನ್ನ ಬನಿಯನ್ ಕಾಣ್ತಿದೆಯಲ್ಲೇ."

"ಅದನ್ನ ಯಾರೂ ಕೇಳಲಿಲ್ಲ. ಹಾಸಿಗೆ ಮಾತ್ರ ಕೇಳಿದ್ರು."

"ಅಂಗಡಿ ಮಾನ ಹೋಯ್ತು."

"ಮಾನ ಹೋಗೋಕೆ ಮೊದಲು ಅಂಗಡಿ ಇರ್ಬೇಕಲ್ಲ," ಎಂದಳು ಅವಳು.

ವ್ಯವಹಾರವನ್ನು ತನ್ನ ಕೈಗೆ ತೆಗೆದುಕೊಂಡ ಹೆಂಡತಿ, ಪಾಪ ಎನಿಸಿ, ಅವನಿಗೆ ಪ್ಯಾಕಿಂಗ್ ಕೆಲಸ ಕೊಟ್ಟಳು. ಮರುದಿನ ಕೊರಿಯರ್‌ನವನು ಬಂದಾಗ, ಗಂಡ ಇನ್ನೂ ಮೊದಲ ಡಬ್ಬದ ಟೇಪು ಸೊಟ್ಟಗಾಯಿತೆಂದು ಕೀಳುತ್ತಿದ್ದ. ಉಳಿದ ಡಬ್ಬಗಳನ್ನೆಲ್ಲ ನೆರವಿಗೆ ಬಂದಿದ್ದ ಅವನ ಅತ್ತೆ ಕೂತಲ್ಲೇ ಮುಗಿಸಿದ್ದರು.

"ಅಳಿಯಂದಿರೇ, ಸ್ವಲ್ಪ ಏಳ್ತೀರಾ? ಜಾಗ ಸಾಲ್ತಿಲ್ಲ," ಎಂದರು ಅತ್ತೆ.

ಅವನು ಎದ್ದ. ಅತ್ತೆ ಅಂಟಿಸಿದ ಟೇಪುಗಳೆಲ್ಲ ಸೊಟ್ಟಗಿವೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಡಬ್ಬಗಳು ಲಿಫ್ಟಿನಲ್ಲಿ ಇಳಿದುಹೋಗಿದ್ದವು.