ಹನ್ನೆರಡು ಗೇಣು, ಹತ್ತು ಗೇಣು

ಯಾರೋ ಮೂಗು ಸೊರ್ ಅನ್ನಿಸಿದ ಸದ್ದು, ಎರಡನೇ ಸಾಲೇ ಇರಬೇಕು, ಇವನು ತಿರುಗಿ ನೋಡಲಿಲ್ಲ, ಕೈಯಲ್ಲಿ ಚಾಕ್‌ಪೀಸು, ಬೆನ್ನ ಹಿಂದೆ ಮೂವತ್ತೆಂಟು ಜನ ಫ್ಯಾನ್ಸು, ಕೊನೇ ಬೆಂಚಲ್ಲಿ ಹೆಡ್‌ಮೇಡಂ ತೊಡೆ ಮೇಲೆ ಪಟ್ಟಿ ಇಟ್ಕೊಂಡು ಪೆನ್ನಿನ ಕ್ಯಾಪು ತೆಗೆದು ಕೂತಿದ್ದಾರೆ — ಎಂಟ್ರಿ ಕೊಡೋಕೆ ಇದಕ್ಕಿಂತ ಸೆಟ್ಟು ಬೇಕಾ, ನಾಲ್ಕನೇ ಕ್ಲಾಸಿಗೆ ಗಣಿತದ ಮೇಷ್ಟ್ರು ಅಂದ್ರೆ ಸುಮ್ನೇನಾ, ಮಕ್ಕಳೇ ಕೊಟ್ಟ ಬಿರುದು ಡೈಲಾಗ್ ಮೇಷ್ಟ್ರು. ನೋಡ್ರಪ್ಪಾ, ಅಂದ ಇವನು, ಮೇಲಿನ ಗೆರೆ ಸೊನ್ನೆಯಿಂದ ಒಂದರವರೆಗೆ, ಐದು ಪಾಲು, ಮೂರನೇ ಗುರುತಲ್ಲಿ ನಿಂತಿರೋದು ಐದರಲ್ಲಿ ಮೂರು. ಕೆಳಗಿನ ಗೆರೆಯೂ ಸೊನ್ನೆಯಿಂದ ಒಂದರವರೆಗೆ, ಮೂರು ಪಾಲು, ಎರಡನೇ ಗುರುತಲ್ಲಿ ಮೂರರಲ್ಲಿ ಎರಡು. ಬಲಕ್ಕೆ ಯಾರು ಮುಂದೆ ಹೋಗಿದ್ದಾರೋ ಅವರೇ ದೊಡ್ಡೋರು, ಯಾರು ಹೇಳಿ. ಐದರಲ್ಲಿ ಮೂರು ಸಾರ್, ಅಂತ ಇಡೀ ಕ್ಲಾಸು ಒಂದೇ ಗಂಟಲಲ್ಲಿ, ಆಹಾ, ಫಸ್ಟ್ ಡೇ ಫಸ್ಟ್ ಶೋ ಹೌಸ್‌ಫುಲ್ — ಒಂದು ಕೈ ಮಾತ್ರ ಗಾಳಿಯಲ್ಲಿ. ದರ್ಜಿಯಮ್ಮನ ಮಗಳು. ಅಯ್ಯೋ ತಾಯಿ, ಇವತ್ತೂನಾ, ಹೋದ ವಾರದ ಟೆಸ್ಟಲ್ಲೂ ಇದೇ ಲೆಕ್ಕ, ಎಲ್ಲರೂ ಐದರಲ್ಲಿ ಮೂರು ಅಂತ ಬರೆದ್ರೆ ಇವಳೊಬ್ಬಳು ಮೂರರಲ್ಲಿ ಎರಡು ಅಂದವಳು, ಅದರ ಹಿಂದಿನ ಎರಡು ಟೆಸ್ಟಲ್ಲೂ ಇಂಥದ್ದೇ ಲೆಕ್ಕ, ಇಂಥದ್ದೇ ಹಟ, ಮೂರಕ್ಕೂ ಸೊನ್ನೆ ಹಾಕಿ ಹೆಡ್‌ಮೇಡಂ ಪಟ್ಟಿಗೆ ಹೆಸರು ಕೊಟ್ಟಿದ್ದು ಇವನೇ. ಆ ಪಟ್ಟಿ ಅಂದ್ರೆ ಮೆಟ್ಟಿಲ ಕೆಳಗಿನ ಕೋಣೆ. ಅಲ್ಲಿಗೆ ಹೋದೋರಿಗೆ ಮತ್ತೆ ಎರಡನೇ ಕ್ಲಾಸಿನ ಪುಸ್ತಕ, ಹೋದೋರು ಯಾರೂ ಈ ವರ್ಷ ಮೇಲೆ ಬಂದಿದ್ದಿಲ್ಲ. ನಿನ್ನೆ ಅವಳಮ್ಮ ಬಂದಿದ್ರು, ಕುತ್ತಿಗೆಗೆ ಟೇಪು ಹಾಕ್ಕೊಂಡೇ, ಮನೇಲಿ ಚುರುಕಾಗೇ ಇದ್ದಾಳಲ್ಲ ಸಾರ್, ಅಂದ್ರು, ಅದಕ್ಕೆ ಇವನು ನಗ್ತಾ, ಚುರುಕು ಬೇರೆ ಗಣಿತ ಬೇರೆ ಅಮ್ಮಾ, ಅಂದ. ಆಯಮ್ಮ ಟೇಪು ಸುತ್ತಿಕೊಂಡು ಹೋದ್ರು.

ಹುಡುಗಿ ಬೋರ್ಡಿಗೆ ಬಂದಳು, ಬೆನ್ನ ಮೇಲೆ ಬ್ಯಾಗು, ಬ್ಯಾಗ್ ಯಾಕಮ್ಮಾ ಅಂದ್ರೆ ಈ ಪೀರಿಯಡ್ ಆದ್ಮೇಲೆ ಕೆಳಗೆ ಹೋಗಬೇಕಂತೆ ಸಾರ್, ಆಯಾ ಹೇಳಿದ್ರು, ಅಂದಳು, ಅಷ್ಟೇ, ಅಳೂ ಇಲ್ಲ. ಕೆಳಗಿನ ಗೆರೆ ಮೇಲೆ ಪುಟ್ಟ ಗೇಣು ಇಟ್ಟಳು, ಒಂದು, ಎರಡು, ಹತ್ತು. ತುದಿಗಾಲಲ್ಲಿ ನಿಂತು ಮೇಲಿನ ಗೆರೆ ಮೇಲೆ, ಒಂದು, ಎರಡು, ಯಾರೋ ಕಿಸಕ್ ಅಂದ್ರು, ಹತ್ತು, ಹನ್ನೊಂದು, ಹನ್ನೆರಡು. ಸಾರ್, ಮೇಲಿನ ಒಂದು ಹನ್ನೆರಡು ಗೇಣು, ಕೆಳಗಿನ ಒಂದು ಹತ್ತೇ ಗೇಣು, ಎರಡೂ ಒಂದೇ ಅಂದ್ಮೇಲೆ ಸಮ ಇರಬೇಡ್ವಾ, ಅಮ್ಮ ರವಿಕೆಯ ಎರಡೂ ತೋಳು ಜೋಡಿಸಿಟ್ಕೊಂಡೇ ಕತ್ತರಿ ಹಾಕೋದು.

ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬರಲಿಲ್ಲ, ಫ್ಯಾನಿನ ಸದ್ದೂ ಬರಲಿಲ್ಲ. ಬೀರು. ಬೋರ್ಡಿನ ಕೆಳಗಿನ ಮೂಲೆಗೆ ಅಡ್ಡ ನಿಂತಿರೋ ದರಿದ್ರ ಬೀರು, ಕೆಳಗಿನ ಗೆರೆ ಎಳೀತಾ ಎಳೀತಾ ಚಾಕ್‌ಪೀಸು ಬೀರುಗೆ ತಗುಲಿದ ಕಡೆ ನಿಂತು ಅಲ್ಲೇ ಒಂದು ಅಂತ ಬರೆದಿದ್ದಾನೆ, ಇವತ್ತಲ್ಲ, ಇಡೀ ತಿಂಗಳು, ಟೆಸ್ಟಿನ ಉತ್ತರಾನೂ ಇದೇ ಬೋರ್ಡು ನೋಡಿ ಗುರುತು ಹಾಕ್ಕೊಂಡಿದ್ದು — ಹದಿನೈದು ಪಾಲು ಮಾಡು, ಮಾಡು ಬೇಗ, ಐದರಲ್ಲಿ ಮೂರು ಅಂದ್ರೆ ಒಂಬತ್ತು, ಮೂರರಲ್ಲಿ ಎರಡು ಅಂದ್ರೆ ಹತ್ತು, ಹತ್ತು ಕಣೋ, ಹತ್ತು ದೊಡ್ಡದು, ಮೂವತ್ತೇಳು ಜನಕ್ಕೆ ಸುಳ್ಳು ಹೇಳಿಕೊಟ್ಟು ಸರಿ ಬರೆದೋಳೊಬ್ಬಳನ್ನ ಮೆಟ್ಟಿಲ ಕೆಳಗೆ ಕಳಿಸ್ತಿದ್ದೀಯಲ್ಲೋ. ಏನಾದ್ರೂ ಡೈಲಾಗ್ ಹೊಡಿ, ನಿಮ್ಮನ್ನ ಪರೀಕ್ಷೆ ಮಾಡೋಕೆ ಬೇಕಂತಲೇ ಹಿಂಗೆ ಎಳೆದೆ ಅನ್ನು, ಮಕ್ಕಳು ಚಪ್ಪಾಳೆ ತಟ್ತಾರೆ, ಕೆಲಸಾನೂ ಉಳಿಯತ್ತೆ — ನಾಲಿಗೆ ತುದಿಯವರೆಗೂ ಬಂತು. ಬ್ಯಾಗಿನ ಪಟ್ಟಿ ಅವಳ ಭುಜದಿಂದ ಜಾರಿತು, ಸರಿಮಾಡಿಕೊಂಡಳು.

ಮೇಷ್ಟ್ರೇ, ಸಹಿ ಹಾಕ್ಲಾ, ಅಂದ್ರು ಹಿಂದಿನಿಂದ ಹೆಡ್‌ಮೇಡಂ.

ಹಾಕ್ಬೇಡಿ ಮೇಡಂ. ಅವಳು ಬರೆದಿದ್ದೇ ಸರಿ. ತಪ್ಪು ಕಲಿಸಿದ್ದು ನಾನು.

ಪೆನ್ನು ಪಟ್ಟಿ ಮೇಲೆ ಪರ್ ಅಂತ ಅಡ್ಡ ಗೆರೆ ಎಳೆದ ಸದ್ದು ಇಲ್ಲಿವರೆಗೂ ಕೇಳಿಸಿತು. ನಿಮ್ಮ ವಿಷಯ ಆಫೀಸಲ್ಲಿ ಮಾತಾಡೋಣ, ಅಂದ್ರು, ಎದ್ದು ಹೋದ್ರು. ಆಗಲಿ, ಆಮೇಲಿಂದು ಆಮೇಲೆ, ಮೊದಲು ಇವಳ ಸೊನ್ನೆ ಹೊಡೆದು ಹಾಕಬೇಕು, ಕೊಡಮ್ಮಾ ಟೆಸ್ಟ್ ಪುಸ್ತಕ ಅಂದ, ಅವಳು ಕೊಡೋಕೆ ಯಾಕೋ ಹಿಂದೆಮುಂದೆ ನೋಡಿದಳು, ಕೊಟ್ಟಳು. ಹೋದ ವಾರದ ಹಾಳೆ. ಎರಡು ಗೆರೆ, ಸ್ಕೇಲಿಟ್ಟು ಎಳೆದದ್ದು, ಒಂದರ ಕೆಳಗೊಂದು, ತುದಿಗೆ ತುದಿ ಸಮ, ಹೆಚ್ಚಿಲ್ಲ ಕಮ್ಮಿಯಿಲ್ಲ. ಅದರ ಕೆಳಗೆ ಇವನು ಕೆಂಪು ಇಂಕಲ್ಲಿ ಏನೋ ಬರೆದಿದ್ದ, ಕಾಮಿಡಿ ಪೀಸು ಅಂತಲೇ ಬರೆದಿದ್ದ, ಬರೆದು ಕ್ಲಾಸಿಗೆಲ್ಲ ಓದಿ ಹೇಳಿದ್ದ, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ರು — ಆ ಜಾಗದಲ್ಲಿ ಅಕ್ಷರ ಇಲ್ಲ, ತೂತು. ರಬ್ಬರಿಗೆ ಕೆಂಪು ಇಂಕು ಹೋಗಲ್ಲ. ಉಜ್ಜಿದ್ದಾಳೆ, ಮತ್ತೆ ಉಜ್ಜಿದ್ದಾಳೆ, ಎಷ್ಟು ಹೊತ್ತೋ, ಹಾಳೆ ತೂತಾಗೋವರೆಗೂ. ಪುಟ ತಿರುಗಿಸಿದ, ಈ ಕಡೆಯಿಂದಲೂ ತೂತು. ಇವನು ಕೆಂಪು ಪೆನ್ನು ತೆರೆದ, ಸರಿ ಅಂತ ಎಲ್ಲಿ ಬರೀಲಿ, ಅದೇ ಜಾಗದಲ್ಲಿ ಬರೀಬೇಕು, ಅಲ್ಲೇ, ಅಲ್ಲಿ ಹಾಳೆನೇ ಇಲ್ಲ, ತೂತು, ಅಂಚಿಗೆ ಒಂಚೂರು ಕೆಂಪು ಹತ್ತಿದ ತೂತು.